ತಿರುಗಿ ಬರಲು ಒಂದು ಮನೆ

1801ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯ ಕುಂದಾಪುರದಿಂದ ಬೈಂದೂರಿನ ಕಡೆಗೆ ಕರಾವಳಿಗುಂಟ ಸಾಗಿದ. ಟಿಪ್ಪು ಸತ್ತು ಎರಡು ವರ್ಷ ತುಂಬಿರಲಿಲ್ಲ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಗೇಣಿ ಎಷ್ಟು, ಯಾವ ಜಾತಿಯವರ ನಡಾವಳಿ ಹೇಗೆ ಎಂದು ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. ಇವತ್ತು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮರವಂತೆ, ನಾವುಂದ, ಕಿರಿಮಂಜೇಶ್ವರ, ನಾಗೂರು ಎಂದು ಬಸ್ಸಿನ ನಿಲ್ದಾಣಗಳಾಗಿ ಕಾಣುವ ಸೀಮೆ ಅದು. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ, ಅದರಾಚೆ ಕೊಲ್ಲೂರಿನ ಘಟ್ಟ.

ತುಳುವ ಸೀಮೆಯ ದೇವಸ್ಥಾನಗಳ ಬಗ್ಗೆ ಬರೆಯುತ್ತ ಬುಕಾನನ್ ಒಂದು ಪದ್ಧತಿಯನ್ನು ಅಚ್ಚರಿಯಿಂದ ದಾಖಲಿಸುತ್ತಾನೆ. ಗಂಡನ ಸಹವಾಸ ಸಾಕಾದ ಹೆಂಗಸೋ, ಮರುಮದುವೆಗೆ ಅವಕಾಶವಿಲ್ಲದೆ ಬೇಸತ್ತ ವಿಧವೆಯೋ ದೇವಸ್ಥಾನಕ್ಕೆ ಹೋಗಿ ನೈವೇದ್ಯದ ಅನ್ನವನ್ನು ತಿಂದುಬಿಡುತ್ತಾಳೆ. ಅಷ್ಟಾದರೆ ಅವಳು ಮನೆಯ ಕಟ್ಟಿನಿಂದ ಹೊರಗೆ. ಸರ್ಕಾರದ ಅಧಿಕಾರಿಗಳು ಅವಳ ಜಾತಿಯ ನಾಲ್ಕು ಜನರನ್ನು ಕೂರಿಸಿ ಕಾರಣ ವಿಚಾರಿಸುತ್ತಾರೆ. ಬ್ರಾಹ್ಮಣ ಹೆಂಗಸಾದರೆ ದೇವಸ್ಥಾನದೊಳಗೆ ಇರುತ್ತೀಯೋ ಹೊರಗೋ ಎಂದು ಕೇಳುತ್ತಾರೆ. ಒಳಗಿದ್ದರೆ ದಿನಕ್ಕಿಷ್ಟು ಅಕ್ಕಿ, ವರ್ಷಕ್ಕೊಂದು ಸೀರೆ. ಬದಲಿಗೆ ಗುಡಿಸಬೇಕು, ದೇವರಿಗೆ ಚಾಮರ ಬೀಸಬೇಕು, ಬ್ರಾಹ್ಮಣ ಗಂಡಸರಿಗೆ ಮಾತ್ರ ಒಲಿಯಬೇಕು.

ಇದನ್ನು ಆಶ್ರಯ ಎನ್ನಬೇಕೋ ಬಲೆ ಎನ್ನಬೇಕೋ ಹೇಳುವುದು ಕಷ್ಟ. ಹೊಡೆಯುವ ಗಂಡನನ್ನೋ ಬೋಳಿಸಿದ ತಲೆಯನ್ನೋ ಸಹಿಸಲಾರದವಳಿಗೆ ಒಂದು ಮುಷ್ಟಿ ಅನ್ನ ಬಾಗಿಲು ತೆರೆಯುತ್ತಿತ್ತು. ಬಾಗಿಲ ಆಚೆಗೂ ಗಂಡಸರೇ ಕಾದಿರುತ್ತಿದ್ದರು. ಹೆಣ್ಣನ್ನು ದೇವರಿಗೆ ಬಿಡುವ ಪದ್ಧತಿ ಈ ಸೀಮೆಯಲ್ಲಿ ಕಾನೂನಿನ ಪ್ರಕಾರ ನಿಂತದ್ದು 1947ರಲ್ಲಿ, ಮುತ್ತುಲಕ್ಷ್ಮಿ ರೆಡ್ಡಿಯವರ ಬಹುಕಾಲದ ಹೋರಾಟದ ಮೇಲೆ ಮದ್ರಾಸ್ ಸರ್ಕಾರ ಕಾಯ್ದೆ ತಂದಾಗ. ದಕ್ಷಿಣ ಕನ್ನಡ ಆಗ ಮದ್ರಾಸಿನ ಜಿಲ್ಲೆ.

ಹೆಣ್ಣಿನ ಮೇಲಿನ ದೌರ್ಜನ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಡೆದವನಿಂದ, ಶಿಕ್ಷೆಯಿಂದ, ಕಾಯ್ದೆಯಿಂದ ಶುರು ಮಾಡುತ್ತಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆ ಬೇರೊಂದು ಪ್ರಶ್ನೆಯಿಂದ ಶುರು ಮಾಡಲು ಹೇಳುತ್ತದೆ: ಏಟು ತಿಂದವಳು ಆ ರಾತ್ರಿ ಎಲ್ಲಿಗೆ ಹೋಗಬಹುದಿತ್ತು? ಇನ್ನೂರು ವರ್ಷಗಳಲ್ಲಿ ಈ ಪ್ರಶ್ನೆಯ ಉತ್ತರ ಹಲವು ಸಲ ಬದಲಾಗಿದೆ, ಅದೂ ಯಾವಾಗಲೂ ಒಳ್ಳೆಯದರ ಕಡೆಗಲ್ಲ.

ಬಾರ್ಕೂರಿನ ಕತೆ, ಮೂಲಮನೆಯ ಕಟ್ಟು

ಈ ಭಾಗದ ಬಂಟರು, ಮೊಗವೀರರು, ಬಿಲ್ಲವರು, ದೇವಾಡಿಗರು ಮತ್ತು ಇನ್ನೂ ಕೆಲವರು ಅಳಿಯಸಂತಾನದವರು. ಅಲ್ಲಿ ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು. ಅಪ್ಪನ ಆಸ್ತಿ ಮಗನಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ. ಬಳಿಯೂ, ಎಂದರೆ ಕುಲದ ಗುರುತೂ, ತಾಯಿಯದೇ. ಇದಕ್ಕೆ ಜನ ಹೇಳುವ ಕಾರಣ ಬಾರ್ಕೂರಿನ ಭೂತಾಳ ಪಾಂಡ್ಯನ ಕತೆ. ಹೊಸ ಹಡಗುಗಳನ್ನು ನೀರಿಗಿಳಿಸಲು ಹೊರಟ ದೇವ ಪಾಂಡ್ಯನನ್ನು ಕುಂಡೋದರನೆಂಬ ಭೂತ ನರಬಲಿ ಕೇಳಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯ ಪಾಂಡ್ಯನನ್ನು ಮುಂದೆ ಮಾಡಿದಳು. ಮೆಚ್ಚಿದ ಭೂತ ಹುಡುಗನನ್ನು ಉಳಿಸಿತು, ಭೂತಾಳ ಪಾಂಡ್ಯನೆಂಬ ಹೆಸರು ಕೊಟ್ಟಿತು. ಆಸ್ತಿ ಇನ್ನು ಮೇಲೆ ಅಳಿಯನಿಗೆ ಎಂದಾಯಿತು.

ಕತೆಯನ್ನು ಹೆಣ್ಣಿನ ಕಡೆಯಿಂದ ಕೇಳಿದರೆ ಅದು ಅಷ್ಟೇನೂ ಹಿತವಾಗಿಲ್ಲ. ಮಗುವನ್ನು ಕೊಡೆನೆಂದ ತಾಯಿ ಇಲ್ಲಿ ತಪ್ಪಿತಸ್ಥೆ, ಕೊಡಲು ಸಿದ್ಧಳಾದವಳು ಪುಣ್ಯವಂತೆ. ಬಹುಮಾನ ಸಿಕ್ಕಿದ್ದಂತೂ ಸತ್ಯವತಿಗಲ್ಲ, ಅವಳ ಮಗನಿಗೆ. ಭೂತಾಳ ಪಾಂಡ್ಯನ ಕಟ್ಟು ಎಂದು ಅಚ್ಚಾದ ನಿಯಮಗಳ ಹಳಮೆಯನ್ನು ಬರ್ನೆಲ್‌ರಂಥ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲೇ ಒಪ್ಪಲಿಲ್ಲ. ಕಟ್ಟು ಓಲೆಯಲ್ಲಿ ಎಷ್ಟು ಹಳೆಯದಿರಲಿ, ನಡಾವಳಿ ಮಾತ್ರ ಹಳೆಯದು.

ಆ ನಡಾವಳಿಯಲ್ಲಿ ಹೆಣ್ಣಿಗೆ ಸಿಕ್ಕಿದ್ದೇನು? ಮದುವೆಯಾದವಳು ಗಂಡನ ಮನೆಗೇ ಹೋಗುತ್ತಿದ್ದಳು. ಅಡಿಗೆ, ಗದ್ದೆ, ಹಟ್ಟಿಯ ಕೆಲಸ, ಅತ್ತೆಯ ಮಾತು ಎಲ್ಲ ಬೇರೆ ಕಡೆಯ ಸೊಸೆಯರಂತೆಯೇ. ಆದರೆ ಹುಟ್ಟಿದ ಮನೆಯ ಲೆಕ್ಕದಿಂದ ಅವಳ ಹೆಸರು ಅಳಿಯುತ್ತಿರಲಿಲ್ಲ. ಅವಳ ಮಕ್ಕಳೇ ಆ ಮನೆಯ ಮುಂದಿನ ತಲೆಮಾರು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ಕನ್ನಡ ನಾಡಿನ ಉಳಿದ ಕಡೆ ಕಾನೂನಿನಷ್ಟೇ ಗಟ್ಟಿ. ಮೂಲಮನೆಯ ಚಾವಡಿಯಲ್ಲಿ ಅದಕ್ಕೆ ಅರ್ಥವೇ ಇರಲಿಲ್ಲ. ಗಂಡನ ಕೈ ಮೇಲಾದರೆ ಹೆಣ್ಣು ಮಕ್ಕಳ ಕೈ ಹಿಡಿದುಕೊಂಡು ತಾಯಿಮನೆಗೆ ಬರಬಹುದಿತ್ತು. ಬಂದವಳು ಅಣ್ಣನ ಮನೆಯ ಅತಿಥಿಯಲ್ಲ. ಅಣ್ಣ ಇರುವುದೇ ಅವಳ ಮನೆಯಲ್ಲಿ. ಸಂಬಂಧ ಬಿಡುವುದಕ್ಕೂ ಮತ್ತೊಂದು ಕೂಡಿಕೆಗೂ ದಾರಿ ಇತ್ತು. ವಿಧವೆಗೆ ತಲೆ ಬೋಳಿಸುವ ಮಾತೇ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸುಳ್ಳು ಚಿತ್ರ. ಕುಟುಂಬದ ಹಿರಿಯ ಸದಸ್ಯ ಗಂಡಾಗಲಿ ಹೆಣ್ಣಾಗಲಿ ಯಜಮಾನಿಕೆಗೆ ಅರ್ಹರು ಎಂದು ನಿಯಮವಿತ್ತು, ಯಜಮಾನ್ತಿಯರೂ ಇದ್ದರು. ಆದರೂ ಹೆಚ್ಚಿನ ಮನೆಗಳಲ್ಲಿ ಪಣತದ, ಎಂದರೆ ಭತ್ತದ ಕಣಜದ, ಬೀಗದ ಕೈ ಇದ್ದದ್ದು ಮಾವನ ಸೊಂಟದಲ್ಲಿ. ಯಾರಿಗೆ ಮದುವೆ, ಯಾರಿಗೆ ಶಾಲೆ, ತಿರುಗಿ ಬಂದವಳಿಗೆ ಎಷ್ಟು ಅಕ್ಕಿ ಎಂಬುದನ್ನು ಅವನು ತೀರ್ಮಾನಿಸುತ್ತಿದ್ದ. ಗಂಡನ ಮನೆಯಲ್ಲಿ ಹೆಂಡತಿಗೆ ಏನೂ ಹಕ್ಕಿರಲಿಲ್ಲ. ಮೂವತ್ತು ವರ್ಷ ಒಲೆ ಉರಿಸಿದವಳು ಗಂಡ ಸತ್ತ ಮೇಲೆ ಮಕ್ಕಳೊಂದಿಗೆ ಹೊರಡಬೇಕಿತ್ತು, ಏಕೆಂದರೆ ಆ ಮನೆ ಅವನ ಅಕ್ಕತಂಗಿಯರ ಮಕ್ಕಳದು. ಅಳಿಯಸಂತಾನ ಹೆಣ್ಣನ್ನು ಗಂಡಿನ ಅಂಕೆಯಿಂದ ಬಿಡಿಸಿರಲಿಲ್ಲ. ಅದು ಅವಳಿಗೆ ಒಂದನ್ನು ಮಾತ್ರ ಕೊಟ್ಟಿತ್ತು: ಯಾರೂ ಮುಚ್ಚಲಾಗದ ಒಂದು ಬಾಗಿಲು.

ಬಾಗಿಲಿಲ್ಲದವರು

ಆ ಬಾಗಿಲು ಎಲ್ಲರಿಗೂ ಇರಲಿಲ್ಲ. ಚಾವಡಿಯ ಮನೆಗಳ ಗದ್ದೆಯಲ್ಲಿ ದುಡಿದ, ಒಡೆಯನ ಮನೆಗೇ ಕಟ್ಟುಬಿದ್ದ ಮೂಲದಾಳುಗಳ ಹೆಂಗಸರಿಗೆ ಸ್ವಂತ ನೆಲವೇ ಇರಲಿಲ್ಲ. ಬುಕಾನನ್ ಈ ಸೀಮೆಯ ಗುಲಾಮರ ಬೆಲೆಯನ್ನೂ ಬರೆದಿಟ್ಟಿದ್ದಾನೆ. 1843ರ ಕಾಯ್ದೆ ಗುಲಾಮಗಿರಿಯನ್ನು ಕಾಗದದ ಮೇಲೆ ಕೊನೆಗೊಳಿಸಿತು, ಒಡೆಯನ ಸಾಲ ಅದನ್ನು ಮುಂದುವರಿಸಿತು. ಕೋಟದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯಲ್ಲಿ ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಬೆಳ್ಳಿಗೆ ಆಗುವುದು ಇದೇ. ಅವಳ ಮೈಮೇಲೆ ಕೈ ಹಾಕುವವನ ಬಳಿ ಸಾಲದ ಲೆಕ್ಕದ ಪುಸ್ತಕವೂ ಇದೆ. ಬೆಳ್ಳಿ ತಿರುಗಿ ಬಂದರೂ ಬರುವುದು ಅಪ್ಪನಿಗೂ ಸ್ವಂತವಲ್ಲದ ಗುಡಿಸಲಿಗೆ. ಕೊರಗ ಸಮುದಾಯದವರನ್ನು ಮನುಷ್ಯರಂತೆ ಕಾಣದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾಯ್ದೆ ತಂದದ್ದು 2000ದಲ್ಲಿ. ಜಾತಿಯ ದೌರ್ಜನ್ಯವೂ ಹೆಣ್ಣಿನ ಮೇಲಿನ ದೌರ್ಜನ್ಯವೂ ಎಲ್ಲಿ ಬೇರೆಯಾಗುತ್ತವೆ ಎಂದು ಈ ಮನೆಗಳಲ್ಲಿ ಗೆರೆ ಎಳೆಯುವುದು ಅಸಾಧ್ಯ.

ಮೇಲಿನ ತುದಿಯಲ್ಲಿದ್ದ ಬ್ರಾಹ್ಮಣ, ಸಾರಸ್ವತ ಮನೆಗಳದು ಮಕ್ಕಳಸಂತಾನ, ಆಸ್ತಿ ಅಪ್ಪನಿಂದ ಮಗನಿಗೆ. ಅಲ್ಲಿ ಬಾಲ್ಯವಿವಾಹ, ವೈಧವ್ಯ, ಮಡಿ ಸೀರೆ. ಕುಂದಾಪುರದ ಹತ್ತಿರದ ಗುಲ್ವಾಡಿಯ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಅವರ ‘ಇಂದಿರಾಬಾಯಿ’ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1899ರಲ್ಲಿ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಗುರುತಿಸುತ್ತಾರೆ. ಎಳೆಯ ವಿಧವೆಯನ್ನು ಹೆತ್ತವರೇ ಧರ್ಮದ ಹೆಸರಿನಲ್ಲಿ ಕಪಟ ಸಂನ್ಯಾಸಿಗಳ ಸಹವಾಸಕ್ಕೆ ತಳ್ಳುತ್ತಾರೆ. ಅವಳು ಮನೆಯಿಂದ ತಪ್ಪಿಸಿಕೊಂಡು ಅಮೃತರಾಯರ ಮನೆ ಸೇರುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಇಡೀ ಕಾದಂಬರಿ ತೂಗುವುದು ಒಂದು ಸಂಗತಿಯ ಮೇಲೆ: ಆ ರಾತ್ರಿ ಬಾಗಿಲು ತೆರೆಯುವ ಒಬ್ಬ ಗೃಹಸ್ಥ ಊರಿನಲ್ಲಿದ್ದ. ಅಮೃತರಾಯ ಇಲ್ಲದ ಊರುಗಳಲ್ಲಿ ಇಂದಿರೆಯರು ಬಾವಿ ನೋಡಿಕೊಂಡರು.

ಮಂಗಳೂರಿನ ಇನ್ನೊಂದು ಸಾರಸ್ವತ ಮನೆಯಲ್ಲಿ ನಡೆದದ್ದು ಕಾದಂಬರಿಯಲ್ಲ. 1903ರಲ್ಲಿ ಹುಟ್ಟಿದ ಕಮಲಾದೇವಿಗೆ ಏಳು ವರ್ಷವಿದ್ದಾಗ ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ಅಪ್ಪನ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಇಷ್ಟು ಎಂಬ ಅನ್ನಛತ್ರದ ಲೆಕ್ಕ. ಆಕೆ ಅದನ್ನು ತಳ್ಳಿಹಾಕಿ ಮದುವೆಯಲ್ಲಿ ತವರಿನಿಂದ ತಂದ ಸೊತ್ತಿನಿಂದ ಮಕ್ಕಳನ್ನು ಓದಿಸಿದರು. ಬಾಲವಿಧವೆಯಾದ ಮಗಳು ಮರುಮದುವೆಯಾಗಿ ಕಮಲಾದೇವಿ ಚಟ್ಟೋಪಾಧ್ಯಾಯ ಆದರು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು, 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿದರು. ಮದುವೆಯ ವಯಸ್ಸನ್ನು ಏರಿಸಿದ 1929ರ ಶಾರದಾ ಕಾಯ್ದೆಯ ಹಿಂದೆ ಆ ಸಮ್ಮೇಳನದ ಒತ್ತಡವಿತ್ತು. ಅದೇ ಜಿಲ್ಲೆಯಲ್ಲಿ, ಅದೇ ವರ್ಷಗಳಲ್ಲಿ, ಅಳಿಯಸಂತಾನದ ಮನೆಯ ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಇದ್ದ ನೆಲೆ ಗಿರಿಜಾಬಾಯಿಗೆ ಇರಲಿಲ್ಲ.

ಕಟ್ಟು ಕೋರ್ಟಿಗೆ ಬಂದಾಗ

1860ರ ದಶಕದಿಂದ ಮದ್ರಾಸ್ ಹೈಕೋರ್ಟಿನ ಮುಂದೆ ಅಳಿಯಸಂತಾನದ ವ್ಯಾಜ್ಯಗಳು ಸಾಲುಗಟ್ಟಿದವು. ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಒತ್ತಾಯದಿಂದ ಪಾಲು ಮಾಡಿಸುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದರು. ಯಜಮಾನಿಕೆ ಹಿರಿಯ ಸದಸ್ಯರದು, ಹೆಣ್ಣಾದರೂ ಸರಿ ಎಂದರು. ಮದುವೆಯ ವಿಷಯ ಬಂದಾಗ ಮಾತ್ರ ಇಂಗ್ಲಿಷ್ ಕಾನೂನು ಕಲಿತವರಿಗೆ ಕಕ್ಕಾಬಿಕ್ಕಿ. ಹೆಂಡತಿ ಬೇಕೆಂದಾಗ ಬಿಟ್ಟು ಹೋಗಬಹುದಾದ ಸಂಬಂಧವನ್ನು ಮದುವೆ ಎನ್ನುವುದು ಹೇಗೆ? 1880ರ ದಶಕದ ಒಂದು ತೀರ್ಪಿನಲ್ಲಿ, ದಂಡಸಂಹಿತೆಯ ವ್ಯಭಿಚಾರದ ಕಲಮು ಅಳಿಯಸಂತಾನದ ಸಂಬಂಧಗಳಿಗೆ ಅನ್ವಯಿಸದು ಎಂದು ಹೈಕೋರ್ಟ್ ಹೇಳಿತು. ಹೆಂಡತಿ ತನ್ನ ಸೊತ್ತು, ಅವಳೊಂದಿಗೆ ಇದ್ದವನನ್ನು ಜೈಲಿಗೆ ಹಾಕಿ ಎಂದು ಕೇಳುವ ಹಕ್ಕು ಹೀಗೆ ಇಲ್ಲಿನ ಗಂಡನ ಕೈತಪ್ಪಿತು. ಆ ಕಲಮನ್ನು, ಹೆಣ್ಣನ್ನು ಗಂಡನ ಆಸ್ತಿಯಂತೆ ಕಾಣುತ್ತದೆ ಎಂಬ ಕಾರಣಕ್ಕೆ, ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ರದ್ದು ಮಾಡಿದ್ದು 2018ರ ಸೆಪ್ಟೆಂಬರ್ 27ರಂದು.

ಆದರೆ ಹತ್ತೊಂಬತ್ತನೆಯ ಶತಮಾನದ ಓದಿದ ಯುವಕರಿಗೆ ಆ ತೀರ್ಪು ಹೆಮ್ಮೆಯ ವಿಷಯವಾಗಿರಲಿಲ್ಲ, ಅವಮಾನವಾಗಿತ್ತು. ನಮ್ಮ ಹೆಂಡತಿಯರು ಹೆಂಡತಿಯರೇ ಅಲ್ಲವಂತೆ, ನಮ್ಮ ಮಕ್ಕಳು ನಮ್ಮ ವಾರಸುದಾರರಲ್ಲವಂತೆ ಎಂಬ ಕೊರಗು. ಮದ್ರಾಸಿಗೆ, ಮುಂಬಯಿಗೆ ಹೋಗಿ ವಕೀಲರೋ ಗುಮಾಸ್ತರೋ ಆದವರು ತಾವು ದುಡಿದದ್ದು ಸೋದರಳಿಯಂದಿರಿಗೆ ಹೋಗುವುದನ್ನು ಒಪ್ಪಲಾರದಾದರು. ಇದರಲ್ಲಿ ನ್ಯಾಯವೂ ಇತ್ತು; ಗಂಡ ಸತ್ತ ದಿನ ಬೀದಿಗೆ ಬೀಳುವ ಹೆಂಡತಿಯ ಪರವಾಗಿಯೂ ಅವರು ವಾದಿಸಿದರು. ಬದಲಾವಣೆ ಬೇಕೆಂದವರ ಮನಸ್ಸಿನಲ್ಲಿದ್ದ ಮಾದರಿ ಮಾತ್ರ ಒಂದೇ: ಗಂಡ, ಹೆಂಡತಿ, ಮಕ್ಕಳು, ಗಂಡನ ಹೆಸರಿನ ಮನೆ.

ಪಾಲಿನ ಕಾಲ

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬವನ್ನು ಪಾಲಾಗಲು ಬಿಟ್ಟಿತು. ಹೆಣ್ಣೊಬ್ಬಳ ಸಂತತಿಯನ್ನು ಕವರು ಎಂದು ಕರೆದು ಅದನ್ನು ಲೆಕ್ಕಕ್ಕೆ ಹಿಡಿಯಿತು. ಮುಂದೆ ಸಂತಾನ ಬೆಳೆಯದ ಕವರಿಗೆ, ಎಂದರೆ ಬಹುಪಾಲು ಗಂಡಸರಿಗೆ, ಸಿಗುವ ಪಾಲು ಅವರ ಜೀವಮಾನಕ್ಕಷ್ಟೇ. ಆಮೇಲೆ ಅದು ಅಕ್ಕತಂಗಿಯರ ಕವರಿಗೆ ಮರಳಬೇಕು ಎಂಬ ಎಚ್ಚರ ಆ ಕಾಯ್ದೆಯಲ್ಲಿತ್ತು. ಏಳೇ ವರ್ಷದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆ ಎಚ್ಚರವನ್ನು ಸಡಿಲಿಸಿತು. ಗಂಡಸು ಸತ್ತರೆ ಅವನ ಅವಿಭಕ್ತ ಪಾಲು ಕುಟುಂಬಕ್ಕೆ ಮರಳದೆ ಅವನ ವಾರಸುದಾರರಿಗೆ ಇಳಿಯುತ್ತದೆ ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ‘ಸುಂದರಿ ಮತ್ತು ಲಕ್ಷ್ಮಿ’ ಪ್ರಕರಣದಲ್ಲಿ ಸ್ಪಷ್ಟಮಾಡಿತು. ಮೇಲ್ಮನವಿಯ ಎರಡೂ ಬದಿಯಲ್ಲಿ ಹೆಣ್ಣಿನ ಹೆಸರು ಇದ್ದದ್ದು ಆ ಕಾಲದ ತಿರುವಿಗೆ ಹೊಂದುತ್ತದೆ: ಸಾಲು ತಾಯಿಯಿಂದ ಹೆಂಡತಿಯ ಕಡೆಗೆ ಹೊರಳುತ್ತಿತ್ತು.

ಹೆಂಡತಿಗೂ ಮಗಳಿಗೂ ಪಾಲು ಬಂದದ್ದು ನಿಜವಾದ ಲಾಭ. ಆದರೆ ಅದೇ 1956ರ ಕಾಯ್ದೆಯ 23ನೆಯ ಕಲಮನ್ನು ಓದಬೇಕು. ವಾಸದ ಮನೆಯನ್ನು ಪಾಲು ಮಾಡಿ ಎಂದು ಹೆಣ್ಣುಮಗಳು ಕೇಳುವಂತಿರಲಿಲ್ಲ. ಗಂಡುಮಕ್ಕಳು ಮನಸ್ಸು ಮಾಡಿದಾಗ ಮಾತ್ರ. ಮನೆಯಲ್ಲಿ ವಾಸಿಸುವ ಹಕ್ಕು ಕೂಡ ಮದುವೆಯಾಗದ, ಗಂಡ ಬಿಟ್ಟ, ಗಂಡನಿಂದ ಬೇರೆಯಾದ ಅಥವಾ ವಿಧವೆಯಾದ ಮಗಳಿಗೆ ಮಾತ್ರ. ತವರಿನ ಬಾಗಿಲು ತೆರೆಯಬೇಕಾದರೆ ಹೆಣ್ಣು ದಿಕ್ಕಿಲ್ಲದವಳಾಗಿರಬೇಕು ಎಂದಾಯಿತು. ಗದ್ದೆಯ ಕಾಲು ಪಾಲಿಗಿಂತ, ಮಳೆಗಾಲದ ರಾತ್ರಿ ಒಳಗೆ ಬರಲು ಹಕ್ಕಿರುವ ಒಂದು ಮನೆ ಹೆಚ್ಚು ಬೇಕಾಗುವ ಹೊತ್ತಿದೆ ಎಂದು ಆ ಕಲಮನ್ನು ಬರೆದವರಿಗೆ ಹೊಳೆದಿರಲಿಲ್ಲ.

1974ರ ಭೂಸುಧಾರಣೆ ಈ ಜಿಲ್ಲೆಯನ್ನು ಬುಡಮೇಲು ಮಾಡಿತು. ಕಾಯಂ ಗೇಣಿಯಾದ ಮೂಲಗೇಣಿ, ತಾತ್ಕಾಲಿಕ ಗೇಣಿಯಾದ ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಜಾಗದ ಒಡೆಯರಾದರು. ದೇವರಾಜ ಅರಸರ ಹೆಸರು ಹೇಳಿ ಇವತ್ತಿಗೂ ಕೈಮುಗಿಯುವ ಮನೆಗಳಿವೆ, ಅದು ಸುಮ್ಮನೆಯಲ್ಲ. ಫಾರಂ ನಂಬರ್ 7ರಲ್ಲಿ ಬರೆದ ಹೆಸರು ಮಾತ್ರ ಹೆಚ್ಚಾಗಿ ಮನೆಯ ಗಂಡಸಿನದು. ನಟ್ಟಿ ನೆಟ್ಟವಳು, ಹೊರೆ ಹೊತ್ತವಳು, ಭತ್ತ ಬೇಯಿಸಿದವಳು ಆ ಕಾಗದದಲ್ಲಿ ಕಾಣಿಸಲಿಲ್ಲ. ಗೇಣಿಯ ಹಕ್ಕು ಕುಟುಂಬದ್ದೋ ಒಬ್ಬನದ್ದೋ ಎಂಬ ದಾವೆಗಳು ಬಹುಕಾಲ ಎಳೆದವು. ಅಳಿಯಸಂತಾನದ ಮನೆಗಳಲ್ಲೂ ಹೊಸ ಆಸ್ತಿ ಗಂಡಿನ ಹೆಸರಿನಲ್ಲಿ ಶುರುವಾಯಿತು. ಕೇರಳ 1976ರಲ್ಲಿ ತನ್ನ ಕೂಡುಕುಟುಂಬಗಳನ್ನು ಒಂದೇ ಕಾಯ್ದೆಯಿಂದ ಬರಖಾಸ್ತು ಮಾಡಿತು. ಇಲ್ಲಿ ಅದು ಪಾಲುಪಟ್ಟಿಯೊಂದರ ಮೇಲೊಂದು ಪಾಲುಪಟ್ಟಿಯಾಗಿ ಸದ್ದಿಲ್ಲದೆ ಕರಗಿತು. ಮೂಲಮನೆ ಉಳಿದದ್ದು ವರ್ಷಕ್ಕೊಮ್ಮೆ ದೈವದ ಕೆಲಸಕ್ಕೆ ಸೇರುವ ಜಾಗವಾಗಿ.

‘ಹೊಂದ್ಕಂಡ್ ಹೋಯ್ಕ್’

ಮುಂಬಯಿ, ಬೆಂಗಳೂರಿನ ಹೋಟೆಲು, ಆಮೇಲೆ ಕೊಲ್ಲಿಯ ದುಡಿಮೆ ಕುಂದಾಪುರ ಸೀಮೆಗೆ ಹಣ ತಂದಿತು. ಹಣದೊಂದಿಗೆ ದೊಡ್ಡ ಛತ್ರದ ಮದುವೆ, ಪವನುಗಳ ಲೆಕ್ಕ, ವರದಕ್ಷಿಣೆಯೂ ಬಂದವು. ಹೆಣ್ಣು ಹುಟ್ಟಿದರೆ ಸಂತಾನ ಬೆಳೆಯಿತು ಎಂದು ಹಿಗ್ಗುತ್ತಿದ್ದ ಸಮುದಾಯಗಳಲ್ಲಿ ಹೆಣ್ಣು ಖರ್ಚಿನ ಬಾಬ್ತಾಯಿತು. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದಲೇ ಇತ್ತು, ಕಪಾಟಿನಲ್ಲಿ. ದೇಶದಾದ್ಯಂತ ‘ಸ್ಟೌ ಸಿಡಿದು’ ಸಾಯುವ ಸೊಸೆಯರ ಸುದ್ದಿ ಹೆಚ್ಚಿ, ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ ದಂಡಸಂಹಿತೆಗೆ 1983ರಲ್ಲಿ ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ, 1986ರಲ್ಲಿ 304ಬಿ ಕಲಮುಗಳು ಬಂದವು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಪೀಡನೆ ನಡೆದಿದ್ದರೆ ಅದು ವರದಕ್ಷಿಣೆ ಸಾವು. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆ, ಆಸ್ಪತ್ರೆಯ ಸುಟ್ಟಗಾಯದ ವಾರ್ಡುಗಳಲ್ಲಿ ಕೂತು, ‘ಅಪಘಾತ’ ಎಂದು ಮುಚ್ಚಿಹೋದ ಸಾವುಗಳನ್ನು ತೆರೆದು ತೋರಿಸಿತು.

ಈ ಕಲಮುಗಳು ಅಗತ್ಯವಿದ್ದವು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80 ಎಂಬ ಹೊಸ ಸಂಖ್ಯೆಯಲ್ಲಿವೆ. ಆದರೆ ಅವು ಶಿಕ್ಷೆಯ ಕಲಮುಗಳು. ಠಾಣೆಗೆ ಹೋಗಿ ಗಂಡನ ಮೇಲೆ ದೂರು ಬರೆದುಕೊಟ್ಟವಳು ಸಂಜೆ ಎಲ್ಲಿಗೆ ಹೋಗಬೇಕು ಎಂದು ಅವು ಹೇಳುವುದಿಲ್ಲ. ತವರಿಗೆ ಬಂದರೆ ಅಮ್ಮ ಎಲೆ ಹಾಕಿ ಬಡಿಸುತ್ತಾಳೆ, ನಾಲ್ಕನೇ ದಿನ ಹೇಳುತ್ತಾಳೆ: ‘ಎಂತ ಮಾಡೂದ್ ಮಗಾ, ಹೊಂದ್ಕಂಡ್ ಹೋಯ್ಕ್.’ ಆ ಮಾತಿನಲ್ಲಿ ಪ್ರೀತಿ ಇಲ್ಲದಿಲ್ಲ. ಮನೆ ಮಗನ ಹೆಸರಿನಲ್ಲಿದೆ, ಸೊಸೆ ಒಳಗಿದ್ದಾಳೆ, ಅಮ್ಮನಿಗೇ ಅಲ್ಲಿ ಹೆಚ್ಚಿನ ಮಾತಿಲ್ಲ. ಹಾಗೆ ತಿರುಗಿ ಕಳಿಸಿದ ಹೆಣ್ಣುಗಳು, ತಿರುಗಿ ಹೋಗದೆ ಮೂಲೆಯಲ್ಲಿ ಉಳಿದ ಹೆಣ್ಣುಗಳು ಕುಂದಾಪುರದ ವೈದೇಹಿಯವರ ಕತೆಗಳ ತುಂಬ ಇದ್ದಾರೆ. ಅವರ ಅಕ್ಕು, ಗಂಡ ಬಿಟ್ಟುಹೋಗಿ ತವರಿನಲ್ಲಿ ಉಳಿದವಳು; ಊರು ಅವಳಿಗೆ ಹುಚ್ಚು ಎನ್ನುತ್ತದೆ.

ಬೀದಿಯ ಹಿಂಸೆಗೆ ಊರು ಸಿಡಿದೇಳುತ್ತದೆ. ಒಂದು ದಶಕದ ಹಿಂದೆ ಕಾಡುದಾರಿಯಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದಾಗ ಬೈಂದೂರಿನ ಜನ ಬೀದಿಗಿಳಿದರು. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರ ಮೇಲೆ ನಡೆದ ದಾಳಿಯನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ದೆಹಲಿಯ ನಿರ್ಭಯಾ ಪ್ರಕರಣದ ಮರುವರ್ಷ, 2013ರ ಮಾರ್ಚಿನಲ್ಲಿ, ರಾಜ್ಯದ ಹತ್ತಾರು ಸಂಘಟನೆಗಳು ಮಂಗಳೂರಿನಲ್ಲಿ ಸೇರಿ ಮಹಿಳಾ ದೌರ್ಜನ್ಯ ವಿರೋಧಿ ಒಕ್ಕೂಟ ಕಟ್ಟಿದವು. ಮನೆಯೊಳಗಿನ ಹಿಂಸೆಗೆ ಮೆರವಣಿಗೆ ಇಲ್ಲ, ಗಾದೆ ಇದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಹೆಂಗಸರು ಶೇ. 44, ದೇಶದ ಸರಾಸರಿ ಶೇ. 29. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ಕೇಳಿದವರಲ್ಲಿ ಹೆಚ್ಚಿನವರು ಹೋದದ್ದು ಪೊಲೀಸರ ಬಳಿಗಲ್ಲ, ತವರಿಗೆ.

ಗಂಡನೇ ಹೊರಗೆ

2005 ಈ ಚರಿತ್ರೆಯಲ್ಲಿ ಎರಡು ಬಾಗಿಲು ತೆರೆದ ವರ್ಷ. ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳನ್ನಾಗಿ ಮಾಡಿತು. 23ನೆಯ ಕಲಮನ್ನು ಕಿತ್ತುಹಾಕಿತು. ಕರ್ನಾಟಕ 1994ರಲ್ಲೇ ಇಂಥ ಹಕ್ಕು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಎರಡನೆಯದು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿ. ಅದರ 17ನೆಯ ಕಲಮು ಹೇಳುತ್ತದೆ: ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ, ಆ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. 19ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರು ಗಂಡನನ್ನೇ ಮನೆ ಬಿಟ್ಟು ಹೊರಡು ಎನ್ನಬಹುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಬಾಡಿಗೆ ಕಟ್ಟು ಎನ್ನಬಹುದು. ಅತ್ತೆಯ ಅಥವಾ ಮಾವನ ಹೆಸರಿನ ಮನೆಯಾದರೆ ಈ ಹಕ್ಕಿಲ್ಲ ಎಂದು 2006ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಾಗಿಲನ್ನು ಅರ್ಧ ಮುಚ್ಚಿತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮತ್ತೆ ತೆರೆಯಿತು.

ಕಿರಿಮಂಜೇಶ್ವರದಂಥ ಊರಿನಿಂದ ಈ ದಾರಿ ಹೀಗೆ ಸಾಗುತ್ತದೆ. ಸಂರಕ್ಷಣಾಧಿಕಾರಿ ಎಂದು ನೇಮಕವಾದವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಟೀಚರಿಗೆ ಗೊತ್ತಿರುವ ಸಿಡಿಪಿಒ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸಬೇಕು. ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ ಅರವತ್ತು ದಿನದೊಳಗೆ ಆಗುವಂತೆ ನೋಡಬೇಕು. ರಕ್ಷಣಾ ಆದೇಶ ಮುರಿದವನಿಗೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ. 181 ಮತ್ತು 112 ಸಹಾಯವಾಣಿಗಳಿಗೆ ಕರೆ ಮಾಡಬಹುದು. 2000–01ರಲ್ಲಿ ರಾಜ್ಯ ಶುರುಮಾಡಿದ ಸಾಂತ್ವನ ಕೇಂದ್ರಗಳು, 2015ರಿಂದ ಜಿಲ್ಲೆಗಳಲ್ಲಿ ತೆರೆದ ಸಖಿ ಕೇಂದ್ರಗಳು ಇವೆ. ಕಾಗದದಲ್ಲಿ ಇದು ಬುಕಾನನ್ ಕಂಡ ದೇವಸ್ಥಾನದ ಅನ್ನಕ್ಕಿಂತ ಎಷ್ಟೋ ಘನವಾದ ವ್ಯವಸ್ಥೆ. ಆದರೆ ಸಿಡಿಪಿಒ ಮೇಲೆ ಅಂಗನವಾಡಿ, ಪೌಷ್ಟಿಕ ಆಹಾರ, ಸಮೀಕ್ಷೆ ಎಂದು ಇಡೀ ತಾಲೂಕಿನ ಹೊರೆ ಇದೆ. ಅರವತ್ತು ದಿನಗಳ ಮಾತು ಕೋರ್ಟಿನ ಮೆಟ್ಟಿಲ ಮೇಲೆ ಮುಂದಿನ ತಾರೀಕಾಗುತ್ತ ಹೋಗುತ್ತದೆ. ಅಷ್ಟು ದಿನ ಕಾಯಲು ಹೆಣ್ಣಿಗೆ ಇರಲೊಂದು ಜಾಗ ಬೇಕು ಎಂಬಲ್ಲಿಗೆ ಮತ್ತೆ ಬಂದು ನಿಲ್ಲುತ್ತೇವೆ.

ಈ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಪಕ್ಕದ ಕೇರಳದ ಲೆಕ್ಕವೊಂದಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ತಿರುವನಂತಪುರ ಜಿಲ್ಲೆಯ ಸುಮಾರು 500 ವಿವಾಹಿತೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಜಮೀನೂ ಮನೆಯೂ ಇಲ್ಲದವರಲ್ಲಿ ಗಂಡನಿಂದ ಏಟು ತಿಂದವರು ಶೇ. 49. ಜಮೀನು ಮಾತ್ರ ಇದ್ದವರಲ್ಲಿ ಶೇ. 18, ಮನೆ ಮಾತ್ರ ಇದ್ದವರಲ್ಲಿ ಶೇ. 10, ಎರಡೂ ಇದ್ದವರಲ್ಲಿ ಶೇ. 7. ಓದು, ಗಂಡನ ಕೆಲಸ, ಮನೆಯ ಸ್ಥಿತಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆಸ್ತಿಯ ಪ್ರಭಾವ ಅಳಿಯಲಿಲ್ಲ. ಜಮೀನಿಗಿಂತ ಮನೆಯ ಫಲ ಹೆಚ್ಚು ಎಂಬುದನ್ನು ಗಮನಿಸಬೇಕು. ಮನೆಯುಳ್ಳವಳು ಬಿಟ್ಟು ಹೋಗಬಲ್ಲಳು ಎಂದು ಗಂಡನಿಗೆ ಗೊತ್ತಿರುವುದರಿಂದಲೇ ಕೈ ಏಳುವುದಿಲ್ಲ. ಅವಳು ನಿಜವಾಗಿ ಹೋಗಬೇಕಾಗಿಯೂ ಬರುವುದಿಲ್ಲ.

ಸಹಿ ಹಾಕುವ ದಿನ

ಹಾಗಾದರೆ ಇವತ್ತು ಬಾಗಿಲು ಎಲ್ಲಿ ಮುಚ್ಚುತ್ತದೆ? ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಅಪ್ಪ ತೀರಿಕೊಂಡ ವರ್ಷದೊಳಗೆ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತರುತ್ತಾರೆ. ಬರವಣಿಗೆಯವರು ಹಕ್ಕು ಬಿಡುಗಡೆ ಪತ್ರವನ್ನು ಮೊದಲೇ ಸಿದ್ಧಮಾಡಿರುತ್ತಾರೆ. ಅದರಲ್ಲಿ ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ ಎಂಬ ಮಾತು ಇದ್ದೇ ಇರುತ್ತದೆ. ಕಂಪ್ಯೂಟರಿನ ಮುಂದೆ ಫೋಟೊ, ಹೆಬ್ಬೆಟ್ಟು, ಸಹಿ. ಆಮೇಲೆ ಹೋಟೆಲಿನಲ್ಲಿ ಊಟ, ಒಂದು ಸೀರೆ. ಅಣ್ಣನ ಸಂಬಂಧ ಉಳಿಯಲಿ, ಹಬ್ಬಕ್ಕೆ ಕರೆಯಲಿ ಎಂದು ಅವರು ಸಹಿ ಹಾಕುತ್ತಾರೆ. ಯಾರೂ ಹೆದರಿಸುವುದಿಲ್ಲ, ಹೆದರಿಸಬೇಕಾಗಿಲ್ಲ. ಸಹಿ ಹಾಕದವಳನ್ನು ತವರು ದೂರ ಇಡುತ್ತದೆ, ಸಹಿ ಹಾಕಿದವಳಿಗೆ ತವರಿನಲ್ಲಿ ಹಕ್ಕಿನ ಜಾಗ ಇಲ್ಲ. ಅಳಿಯಸಂತಾನದ ಮನೆಗಳ ಹೆಣ್ಣುಮಕ್ಕಳೂ ಈಗ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಅಜ್ಜಿಯ ಹೆಸರಿನಿಂದ ಶುರುವಾದ ಜಾಗಕ್ಕೆ.

ಅಳಿಯಸಂತಾನವನ್ನು ಮರಳಿ ತರಬೇಕೆಂದು ಯಾರೂ ಹೇಳಬೇಕಿಲ್ಲ. ಮಾವನ ದರ್ಬಾರು, ವಿಧವೆಯ ಗಂಟುಮೂಟೆ, ಗದ್ದೆಯ ಅಂಚಿನ ಗುಡಿಸಲಿನಲ್ಲಿದ್ದವರ ಪಾಡು ಎಲ್ಲ ಅದರ ಜೊತೆಗೇ ಬರುತ್ತವೆ. ಆ ಕಟ್ಟಿಗೆ ಗೊತ್ತಿದ್ದ ಒಂದು ಸತ್ಯವನ್ನು ಮಾತ್ರ ಎತ್ತಿಕೊಳ್ಳಬಹುದು. ಸರ್ಕಾರದ ವಸತಿ ಯೋಜನೆಗಳಲ್ಲಿ ಮನೆ ಹೆಣ್ಣಿನ ಹೆಸರಿಗೆ ಅಥವಾ ಜಂಟಿಯಾಗಿ ಮಂಜೂರಾಗುವ ಪದ್ಧತಿ ಈಗಾಗಲೇ ಇದೆ. ಸ್ವಂತ ಹಣದಲ್ಲಿ ಕಟ್ಟುವವರೂ ಪಂಚಾಯತಿಯಲ್ಲಿ ಆಸ್ತಿ ದಾಖಲೆಯ ನಮೂನೆ 9/11 ಮಾಡಿಸುವಾಗ ಹೆಂಡತಿಯ ಹೆಸರನ್ನೂ ಬರೆಸಬಹುದು. ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಮಗಳ ಮದುವೆಗೆ ಇಷ್ಟು ಪವನು ಎಂದು ಲೆಕ್ಕ ಹಾಕುವ ಅಪ್ಪಂದಿರು ಐದು ಸೆಂಟ್ಸ್ ಜಾಗದ ಲೆಕ್ಕವನ್ನೂ ಹಾಕಬಹುದು. ಗಂಡನ ಮನೆಯವರು ಅಡವಿಡಲಾಗದ ಒಡವೆ ಅದು. ಹಕ್ಕು ಬಿಡುಗಡೆಗೆ ಕರೆ ಬಂದಾಗ ಅಕ್ಕತಂಗಿಯರು ಗದ್ದೆ ಬಿಟ್ಟುಕೊಟ್ಟರೂ ಮನೆಯಲ್ಲಿ ಒಂದು ಕೋಣೆಯ ವಾಸದ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳಬಹುದು. ಬರವಣಿಗೆಯವರಿಗೆ ಎರಡು ಸಾಲು ಹೆಚ್ಚು ಬರೆಯಲು ಹೇಳಿದರಾಯಿತು.

ಠಾಣೆ, ಕೋರ್ಟು, ಸಹಾಯವಾಣಿ ಚುರುಕಾಗಬೇಕು. ಗಂಡುಮಕ್ಕಳನ್ನು ಬೇರೆ ರೀತಿ ಬೆಳೆಸಬೇಕು. ಇವು ಬಹುಕಾಲ ಹಿಡಿಯುವ ಕೆಲಸಗಳು. ಮನೆಯ ಕಾಗದದಲ್ಲಿ ಹೆಣ್ಣಿನ ಹೆಸರು ಬರೆಯುವುದು ಒಂದು ಬೆಳಗಿನ ಕೆಲಸ. ಮಗಳನ್ನು ಕೊಡುವಾಗ ‘ಹೊಂದ್ಕಂಡ್ ಹೋಯ್ಕ್’ ಎಂದು ಬುದ್ಧಿ ಹೇಳುವ ಹಿರಿಯರು ಅದರ ಜೊತೆಗೆ ಆ ಕಾಗದವನ್ನೂ ಕೊಟ್ಟರೆ, ಹೊಂದಿಕೊಳ್ಳಬೇಕಾದವರು ಇಬ್ಬರಾಗುತ್ತಾರೆ.